ಮನುಷ್ಯರನ್ನು ಎಣಿಸುವವರ ಪುಸ್ತಕ ನಮ್ಮ ಕೈಗೂ ಬರಲಿ

ಹೂವಿನ ಹಿಪ್ಪರಗಿಯ ನಮ್ಮ ಕೇರಿಯ ಹುಡುಗನೊಬ್ಬ ಡಾಕ್ಟರ್ ಆಗುತ್ತೇನೆಂದು ಹೊರಟಿದ್ದಾನೆ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಮಾನವ ಸಂಪನ್ಮೂಲ ನಿರ್ವಹಣೆ ಎಂಬುದರಲ್ಲಿ ಡಾಕ್ಟರೇಟ್ ಪಡೆಯುವ ಡಾಕ್ಟರ್. ಹೋದ ತಿಂಗಳ ಸಭೆಯಲ್ಲಿ ಈ ಮಾತು ಎದ್ದಾಗ ನಾವು ನಕ್ಕೆವು. ನಮ್ಮಲ್ಲೊಬ್ಬರು, ‘ಏನಪಾ ತಮ್ಮಾ, ಮಾಲಕರ ಮುಂದ ನಿಂತು ನಮ್ಮ ಮಂದೀನ್ನ ಎಣಿಸಿ ಕೊಡೂ ವಿದ್ಯಾ ಕಲಿಯಾಕ ಹೊಂಟಿ?’ ಎಂದು ಕೇಳಿಯೂ ಬಿಟ್ಟರು. ಹುಡುಗ ಸಿಟ್ಟಾಗಲಿಲ್ಲ. ‘ಅಣ್ಣಾರ, ಎಣಿಸೋರು ಈಗೂ ಅದಾರ. ಅವರು ಹ್ಯಾಂಗ ಎಣಸ್ತಾರ ಅನ್ನೋದು ನಮಗ ಗೊತ್ತಿಲ್ಲ. ಅದನ್ನ ಕಲೀಬೇಕಾಗೇತಿ’ ಎಂದ. ನಮ್ಮ ನಗು ಅಲ್ಲಿಗೇ ನಿಂತಿತು.

ನಾವು ಬಿ.ಎ. ಓದಿದವರು, ಪದ್ಯ ಬರೆಯುವವರು. ಹಸಿವು, ಅವಮಾನ ಅಂದರೆ ನಮ್ಮೊಳಗೆ ಹಾಡು ಏಳುತ್ತದೆ. ಹಾಜರಿ ಪುಸ್ತಕ, ಪಗಾರ ಪಟ್ಟಿ, ಪಿ.ಎಫ್. ಅಂದರೆ ಆಕಳಿಕೆ ಬರುತ್ತದೆ. ಆದರೆ ನಮ್ಮ ಅವ್ವಂದಿರ ಹಸಿವು ದಿನ ದಿನಕ್ಕೂ ದಾಖಲಾಗಿರುವುದು ಆ ಹಾಜರಿ ಪುಸ್ತಕದಲ್ಲೇ ಅಲ್ಲವೇ? ಅರ್ಧ ದಿನ ಎಂದು ಬರೆದ ಗೀಟು, ಬರೆಯದೇ ಬಿಟ್ಟ ಹೆಸರು, ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡದೇ ಉಳಿಸಿಕೊಂಡ ರೊಕ್ಕ, ಎಲ್ಲವೂ ಅಲ್ಲೇ ಇದೆ. ಆದ್ದರಿಂದ ಈ ಸಂಚಿಕೆಯ ಮಾತನ್ನು ಆ ಹುಡುಗನ ಪರವಾಗಿ, ಮತ್ತು ಅವನ ದಾರಿಯಲ್ಲಿ ಹೊಂಚಿ ಕೂತಿರುವ ಮೋಸದ ವಿರುದ್ಧವಾಗಿ ಬರೆಯುತ್ತಿದ್ದೇವೆ.

ಮೊದಲು ಆ ಶಬ್ದವನ್ನೇ ಹಿಡಿಯೋಣ. ಕಲ್ಲಿದ್ದಲು ಸಂಪನ್ಮೂಲ, ನೀರು ಸಂಪನ್ಮೂಲ, ಕಾಡು ಸಂಪನ್ಮೂಲ. ಆ ಸಾಲಿನಲ್ಲಿ ಮನುಷ್ಯನೂ ಒಂದು ಸಂಪನ್ಮೂಲ. ಯಾರ ಸಂಪತ್ತಿಗೆ ಮೂಲ? ಅದನ್ನು ಯಾರೂ ಹೇಳುವುದಿಲ್ಲ. ದಿಲ್ಲಿ ಸರ್ಕಾರ 1985ರಲ್ಲಿ ಶಿಕ್ಷಣ ಮಂತ್ರಾಲಯದ ಹೆಸರನ್ನೇ ಮಾನವ ಸಂಪನ್ಮೂಲ ಅಭಿವೃದ್ಧಿ ಮಂತ್ರಾಲಯ ಎಂದು ಬದಲಿಸಿತು. 2020ರಲ್ಲಿ ಮತ್ತೆ ಶಿಕ್ಷಣ ಮಂತ್ರಾಲಯ ಎಂದು ಕರೆಯಿತು. ಮೂವತ್ತೈದು ವರ್ಷ ಈ ದೇಶದ ಮಕ್ಕಳೆಲ್ಲ ಸರ್ಕಾರದ ಬೋರ್ಡಿನ ಮೇಲೆ ಸಂಪನ್ಮೂಲವಾಗಿದ್ದರು.

ನಮಗಿದು ಹೊಸದಲ್ಲ. ನಮ್ಮನ್ನು ಊರು ಎಂದಿನಿಂದಲೂ ಸಂಪನ್ಮೂಲವೆಂದೇ ಬಳಸಿದೆ. ಸತ್ತ ದನ ಎಳೆಯಲು ಒಬ್ಬ, ಹಲಗೆ ಬಾರಿಸಲು ಒಬ್ಬ, ಸಾವಿನ ಸುದ್ದಿ ಒಯ್ಯಲು ಒಬ್ಬ, ಅಪ್ಪ ಮಾಡಿದ ಸಾಲಕ್ಕೆ ಗೌಡನ ಹೊಲದಲ್ಲಿ ದುಡಿಯಲು ಒಬ್ಬ. ಯಾರು ಯಾವ ಕೆಲಸ ಮಾಡಬೇಕು, ಎಷ್ಟು ಕಾಳು ಪಡೆಯಬೇಕು, ಎಷ್ಟು ದೂರ ನಿಲ್ಲಬೇಕು ಎಂಬುದೆಲ್ಲ ತೊಟ್ಟಿಲಿಗೆ ಹಾಕುವ ಮೊದಲೇ ಗೊತ್ತಾಗಿರುತ್ತಿತ್ತು. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ಹಂಚಿಡುತ್ತದೆ ಎಂಬುದನ್ನು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಈ ದೇಶದ ಅತ್ಯಂತ ಹಳೆಯ ನೇಮಕಾತಿ ಕಚೇರಿಯ ಹೆಸರು ಜಾತಿ. ಅದರಲ್ಲಿ ಬಡ್ತಿ ಇಲ್ಲ, ರಜೆ ಇಲ್ಲ, ರಾಜೀನಾಮೆಯೂ ಇಲ್ಲ.

ಹಾಗಿದ್ದರೆ ಈ ಹೊಸ ವಿದ್ಯೆ ಎಲ್ಲಿಂದ ಬಂತು? ಕಂಪನಿಗಳ ಗಾಜಿನ ಮನೆಯಿಂದ ಬಂತೆಂದು ನಾವು ತಿಳಿದಿದ್ದೆವು. ತಪ್ಪು. ನಮ್ಮ ದೇಶದಲ್ಲಿ ಅದರ ಒಂದು ಬೇರು ಮುಂಬಯಿಯ ಬಟ್ಟೆ ಗಿರಣಿಗಳ ಬಾಗಿಲಲ್ಲಿದೆ. ಅಲ್ಲಿ ಆಳುಗಳನ್ನು ಸೇರಿಸುವವನು, ತೆಗೆಯುವವನು ಜಾಬರ್. ಅವನಿಗೆ ಲಂಚ ಕೊಡಬೇಕು, ಅವನಿಂದ ಸಾಲ ತೆಗೆಯಬೇಕು, ಅವನ ಜಾತಿಯವನೋ ಊರಿನವನೋ ಆಗಿರಬೇಕು. 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಜಾಬರನ ಕೈಯಿಂದ ಈ ಅಧಿಕಾರ ಕಿತ್ತುಕೊಳ್ಳಿ, ಲೇಬರ್ ಆಫೀಸರನನ್ನು ನೇಮಿಸಿ ಎಂದಿತು. ಮುಂದೆ 1948ರ ಕಾರ್ಖಾನೆ ಕಾಯ್ದೆ ಐನೂರು ಮಂದಿ ದುಡಿಯುವಲ್ಲಿ ಕ್ಷೇಮಾಧಿಕಾರಿ ಇರಲೇಬೇಕೆಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಇಂದು ಎಚ್.ಆರ್. ಎಂದು ಕುತ್ತಿಗೆಗೆ ಪಟ್ಟಿ ತೂಗುಹಾಕಿಕೊಂಡು ತಿರುಗುವವರ ಹಿರಿಯ ಈ ಲೇಬರ್ ಆಫೀಸರ್. ಬಡವನನ್ನು ದಲ್ಲಾಳಿಯಿಂದ ಬಿಡಿಸಲೆಂದೇ ಹುಟ್ಟಿಸಿದ ಹುದ್ದೆ ಅದು.

ಅದೇ ಗಿರಣಿಗಳ ನೇಯ್ಗೆ ವಿಭಾಗದಲ್ಲಿ ನಮ್ಮವರಿಗೆ ಜಾಗವಿರಲಿಲ್ಲ. ಯಾಕೆ? ಲಾಳಿಯಲ್ಲಿ ನೂಲು ತುಂಡಾದರೆ ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯನ ಬಾಯಿ ತಾಗಿದ ಲಾಳಿಯನ್ನು ಸವರ್ಣ ಕೆಲಸಗಾರ ಮುಟ್ಟಲೊಲ್ಲ. ಹೆಚ್ಚು ಪಗಾರದ ಕೆಲಸ ಹೀಗೆ ಎಂಜಲಿನ ನೆಪದಲ್ಲಿ ತಪ್ಪಿಹೋಯಿತು. ಕೆಂಪು ಬಾವುಟ ಹಿಡಿದ ಸಂಘಗಳೂ ಇದನ್ನು ದೊಡ್ಡ ಪ್ರಶ್ನೆ ಮಾಡಲಿಲ್ಲ. 1938ರ ಫೆಬ್ರುವರಿಯಲ್ಲಿ ಮನಮಾಡದಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ದುಡಿಯುವವರಿಗೆ ಎರಡು ಶತ್ರುಗಳೆಂದರು: ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹಿಡಿದವರೂ ಅವರೇ. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ. ಎಣಿಸುವ ಪುಸ್ತಕ ನಮ್ಮವನೊಬ್ಬನ ಕೈಗೆ ಸಿಕ್ಕಾಗ ಇಡೀ ದೇಶದ ಕೂಲಿಕಾರನಿಗೆ ವಾರದಲ್ಲಿ ಆರು ಗಂಟೆ ಮರಳಿ ಬಂತು. ಎಲ್ಲ ಜಾತಿಯ ಕೂಲಿಕಾರನಿಗೂ ಬಂತು. ಇದನ್ನು ನಾವು ಎಷ್ಟು ಸಭೆಗಳಲ್ಲಿ ಹೇಳಿದ್ದೇವೆ?

ಈಗ ನಮ್ಮ ನೆಲಕ್ಕೆ ಬರೋಣ. ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ: ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುವ ಸೀಮೆ. ಜೋಳ ಯಾರ ಓಣಿಗೆ ಬಂತೆಂದು ಗಾದೆ ಹೇಳುವುದಿಲ್ಲ. ನಮ್ಮ ಓಣಿಯ ಮಂದಿ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಗಾರೆ ಕೆಲಸಕ್ಕೆ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ. ಅವರನ್ನು ಸೇರಿಸಿ ಒಯ್ಯುವವನು ಮುಕಾದಮ. ಮುಂಗಡ ಕೊಟ್ಟು ಗಂಡ ಹೆಂಡತಿಯನ್ನು ಒಂದು ಜೋಡಿ ಎಂದು ಬರೆದುಕೊಳ್ಳುತ್ತಾನೆ. ಜೋಡಿ! ಎತ್ತಿಗೂ ಅದೇ ಮಾತು, ನಮಗೂ ಅದೇ ಮಾತು. ಲೆಕ್ಕ ಅವನ ಚೀಟಿಯಲ್ಲಿ, ಚೀಟಿ ಅವನ ಕಿಸೆಯಲ್ಲಿ. 1976ರಲ್ಲಿ ಜೀತಪದ್ಧತಿ ರದ್ದಿನ ಕಾಯ್ದೆ ಬಂತು; ಮುಂಗಡದ ಹಗ್ಗ ಹರಿಯಲಿಲ್ಲ.

ಮುಂಬಯಿಯ ಜಾಬರ್ ಹೋದ, ನಮ್ಮ ಮುಕಾದಮ ಉಳಿದ. ಈಗ ಅವನ ಮಗ ಇಸ್ತ್ರಿ ಅಂಗಿ ತೊಟ್ಟು ಏಜೆನ್ಸಿ ಎಂದು ಬೋರ್ಡು ಹಾಕಿದ್ದಾನೆ. ಆಸ್ಪತ್ರೆಗೆ ಆಯಾ ಬೇಕೆ, ಕಚೇರಿಗೆ ಜವಾನ ಬೇಕೆ, ಹಾಸ್ಟೆಲಿಗೆ ಅಡುಗೆಯವಳು ಬೇಕೆ, ಕಸ ಎತ್ತಲು ಆಳು ಬೇಕೆ? ಏಜೆನ್ಸಿ ಕೊಡುತ್ತದೆ. ಪಗಾರ ಸರ್ಕಾರದ್ದೋ ಕಂಪನಿಯದ್ದೋ, ಕತ್ತರಿ ಮಾತ್ರ ಏಜೆನ್ಸಿಯದು. ನಮ್ಮದೇ ತಾಲ್ಲೂಕಿನಲ್ಲಿದ್ದ ಕೂಡಗಿಯಲ್ಲಿ 2400 ಮೆಗಾವಾಟ್ ವಿದ್ಯುತ್ ಸ್ಥಾವರ ಎದ್ದಿತು. 2014ರ ಜುಲೈಯಲ್ಲಿ ಅದರ ವಿರುದ್ಧ ನಿಂತ ರೈತರ ಮೇಲೆ ಗೋಲಿಬಾರೂ ಆಯಿತು. ಅಂಥ ದೊಡ್ಡ ಸ್ಥಾವರ ಬಂದಾಗ ಕೇರಿಯವನು ಕೇಳುವ ಪ್ರಶ್ನೆ ಒಂದೇ: ‘ಖಾಯಂ ನೌಕರಿ ಎಷ್ಟು, ಗುತ್ತಿಗಿ ಎಷ್ಟು? ನಮ್ಮ ಹುಡುಗರು ಯಾವ ಸಾಲಿನ್ಯಾಗ ಅದಾರ?’ ಈ ಪ್ರಶ್ನೆಗೆ ಉತ್ತರ ತೆಗೆಯುವ ವಿದ್ಯೆಯೇ ಮಾನವ ಸಂಪನ್ಮೂಲದ ಸಂಶೋಧನೆ, ಬೇರೇನಲ್ಲ.

ಅದು ಆಗದ ಕೆಲಸವೇ? ಆಗಿದೆ. ಸುಖದೇವ್ ಥೋರಾಟ್ ಮತ್ತು ಪಾಲ್ ಅಟೆವೆಲ್ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ನೌಕರಿ ಜಾಹೀರಾತಿಗೆ 4,808 ಅರ್ಜಿ ಹಾಕಿ ನೋಡಿದರು. ಓದು ಒಂದೇ, ಯೋಗ್ಯತೆ ಒಂದೇ, ಹೆಸರು ಮಾತ್ರ ಬೇರೆ: ಒಂದು ಸವರ್ಣ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಸವರ್ಣ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದಿಲ್ಲಿಯ ದೊಡ್ಡ ಕಂಪನಿಗಳ 25 ಎಚ್.ಆರ್. ಮ್ಯಾನೇಜರರನ್ನು ಮಾತಾಡಿಸಿದರು. ಯಾರೂ ಜಾತಿ ನೋಡುತ್ತೇವೆ ಅನ್ನಲಿಲ್ಲ. ಪ್ರತಿಭೆ ನೋಡುತ್ತೇವೆ ಅಂದರು. ಜೊತೆಗೆ ಮನೆತನದ ಹಿನ್ನೆಲೆಯನ್ನೂ ಕೇಳುತ್ತೇವೆ ಅಂದರು. ಅಪ್ಪ ಏನು ಮಾಡುತ್ತಾನೆ, ಯಾವ ಊರು, ಮನೆಯಲ್ಲಿ ಎಷ್ಟು ಓದಿದವರು. ನಮ್ಮ ಹುಡುಗ ‘ನಮ್ಮಪ್ಪ ಹಮಾಲಿ ಮಾಡ್ತಾನ್ರೀ’ ಅಂದ ಕೂಡಲೇ ಮುಂದಿನ ಕಾಗದ ಮಗುಚಿ ಬೀಳುತ್ತದೆ. ಜಾತಿ ಎಂಬ ಶಬ್ದ ಬಾಯಿಗೆ ಬರದೆಯೇ ಜಾತಿಯ ಕೆಲಸ ಮುಗಿಯಿತು.

2012ರಲ್ಲಿ ಇನ್ನೊಂದು ಅಧ್ಯಯನ ಬಂತು. ದೇಶದ ಒಂದು ಸಾವಿರ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಕೂತ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯ ಜಾತಿ ತೆಗೆದರು. ನೂರಕ್ಕೆ 92ಕ್ಕೂ ಹೆಚ್ಚು ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪಂಗಡ ಎರಡೂ ಕೂಡಿ ಮೂರೂವರೆ. ಹತ್ತು ವರ್ಷ ಮೈಕಿನಲ್ಲಿ ಕೂಗಿ ನಾವು ಹೇಳಿದ್ದನ್ನು ಈ ಮೂರು ಅಧ್ಯಯನಗಳು ಅಂಕಿಯಲ್ಲಿ ಹೇಳಿದವು. ನಮ್ಮ ಕೂಗನ್ನು ಅವರು ‘ಭಾವೋದ್ರೇಕ’ ಎಂದು ತಳ್ಳಿಹಾಕಬಹುದು. ಅಂಕಿಯನ್ನು ತಳ್ಳಿಹಾಕಲು ಅವರೂ ಅಂಕಿ ತರಬೇಕಾಗುತ್ತದೆ. ಕೂಗೂ ಬೇಕು, ಅಂಕಿಯೂ ಬೇಕು.

ಬೀದಿಯಲ್ಲಿ ಈ ಪಾಠವನ್ನು ನಮಗಿಂತ ಮೊದಲು ಕಲಿತವರು ಪೌರಕಾರ್ಮಿಕ ಅಕ್ಕಂದಿರು. ಹೆಸರಿಲ್ಲದ ಹಾಜರಿ, ಕಟ್ಟದ ಪಿ.ಎಫ್., ಕಾಣದ ಇ.ಎಸ್.ಐ. ಚೀಟಿ, ಗುತ್ತಿಗೆದಾರನ ಕೈ ಸೇರಿದ ಪಗಾರ, ಇವನ್ನೆಲ್ಲ ತಾವೇ ಒಂದೊಂದಾಗಿ ಲೆಕ್ಕ ಹಿಡಿದರು. 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಕೂತರು. ಆ ಸೆಪ್ಟೆಂಬರಿನಲ್ಲಿ ರಾಜ್ಯದ ಸಂಪುಟ 11,133 ಪೌರಕಾರ್ಮಿಕರ ಸೇವೆ ಖಾಯಂ ಮಾಡಲು ಒಪ್ಪಬೇಕಾಯಿತು. 2024ರಲ್ಲಿ ಹೊರಗುತ್ತಿಗೆ ನೇಮಕಾತಿಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಸರ್ಕಾರ ಆದೇಶ ಹೊರಡಿಸಿದೆ. ಆದೇಶವೇನೋ ಬಂತು. ಯಾವ ಏಜೆನ್ಸಿ ಪಾಲಿಸಿತು, ಯಾವುದು ಪಾಲಿಸಲಿಲ್ಲ, ಬಾಗೇವಾಡಿಯಲ್ಲಿ ಎಷ್ಟು, ಸಿಂದಗಿಯಲ್ಲಿ ಎಷ್ಟು? ಕೂತು ಎಣಿಸುವವರು ಯಾರು? ಇದಕ್ಕೇ ನಮಗೆ ಆ ಹುಡುಗ ಬೇಕು.

ಇನ್ನು ಮೋಸದ ಮಾತು.

ಹುಡುಗ ಎಂ.ಎಸ್.ಡಬ್ಲ್ಯೂ. ಮುಗಿಸಿದವನು. ಬೆಂಗಳೂರಿನಲ್ಲಿ ಆಳು ಒದಗಿಸುವ ಒಂದು ಏಜೆನ್ಸಿಯಲ್ಲಿ ಹಾಜರಿ ಬರೆಯುವ ಕೆಲಸ, ಅದೂ ಗುತ್ತಿಗೆಯ ಮೇಲೆ. ಗುತ್ತಿಗೆಯವರ ಹಾಜರಿ ಬರೆಯುವವನೂ ಗುತ್ತಿಗೆಯವನೇ! ಅವನ ಫೋನಿಗೆ ಒಂದು ದನಿ ಬಂತು. ಹೊರದೇಶದ ವಿಶ್ವವಿದ್ಯಾಲಯ, ಮನೆಯಲ್ಲೇ ಕೂತು ಓದು, ನೌಕರಿ ಬಿಡಬೇಕಿಲ್ಲ, ಎರಡು ವರ್ಷದೊಳಗೆ ಹೆಸರಿನ ಹಿಂದೆ ಡಾ. ಎಂದು ಹಚ್ಚಿಕೊಳ್ಳಬಹುದು. ಖರ್ಚು? ಲಕ್ಷಗಳಲ್ಲಿ. ಕಂತಿನ ಮೇಲೂ ಕಟ್ಟಬಹುದು. ‘ಸರ್, ಸರ್’ ಎಂದು ದಿನಕ್ಕೆ ನಾಲ್ಕು ಸಲ ಕರೆ. ನಮ್ಮ ಹುಡುಗನನ್ನು ಜನ್ಮದಲ್ಲಿ ಯಾರೂ ಅಷ್ಟು ಸಲ ಸರ್ ಅಂದಿರಲಿಲ್ಲ. ಅವನು ಊರಿಗೆ ಬಂದು ಹೇಳಿದ. ಅವನಪ್ಪ ಸರ್ಕಾರ ಮಂಜೂರು ಮಾಡಿದ ಎರಡು ಎಕರೆಯನ್ನು ಲಾವಣಿಗೆ ಹಾಕಲು ಮಾತಾಡಿ ಬಂದ. ಮುಂದೆ ಮಾರುವ ಮಾತೂ ಹೊರಬಿತ್ತು. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇರುವುದು ಇಂಥ ಹೊತ್ತಿಗೇ. ನಮಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಆದರೆ ಲಾವಣಿಯ ಹೆಸರಲ್ಲಿ ವರ್ಷಗಟ್ಟಲೆ ಭೂಮಿ ಕೈಬಿಟ್ಟುಹೋದ ಮನೆಗಳು ನಮ್ಮ ಕೇರಿಯಲ್ಲಿ ಎಷ್ಟಿಲ್ಲ!

ಬಂಧುಗಳೇ, ಇದನ್ನು ಗಟ್ಟಿಯಾಗಿ ಓದಿ, ಓದಲು ಬಾರದವರಿಗೆ ಓದಿ ಹೇಳಿ. ಡಾಕ್ಟರೇಟ್‌ನಲ್ಲಿ ಎರಡು ಬಗೆ. ಒಂದು ಪಿಎಚ್.ಡಿ. ಇನ್ನೊಂದು ಡಿ.ಬಿ.ಎ.ಯಂಥ ವೃತ್ತಿಪರ ಡಾಕ್ಟರೇಟ್: ನೌಕರಿಯಲ್ಲಿದ್ದವನು ತನ್ನ ನೌಕರಿಯ ಜಾಗದ ಒಂದು ಸಮಸ್ಯೆಯನ್ನೇ ಹಿಡಿದು ಸಂಶೋಧನೆ ಮಾಡುವುದು. ಎರಡನೆಯದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಕೆಲಸದ ಜಾಗವನ್ನೇ ಸಂಶೋಧನೆಯ ಹೊಲ ಮಾಡಿಕೊಳ್ಳುವ ವಿಚಾರ ಒಳ್ಳೆಯದೇ. ಆದರೆ ಅದಕ್ಕೆ ಸಾಮಾನ್ಯವಾಗಿ ಮೇಲಿನ ಹುದ್ದೆಯ ವರ್ಷಗಳ ಅನುಭವ ಕೇಳುತ್ತಾರೆ. ಮ್ಯಾನೇಜರನ ಕುರ್ಚಿಗೆ ನಮ್ಮನ್ನು ಬಿಡುವುದಿಲ್ಲ. ಕುರ್ಚಿಯಲ್ಲಿ ಕೂತವನಿಗೇ ಈ ಓದು. ಬಾಗಿಲು ಮುಚ್ಚಿದವರೇ ಒಳಗೆ ಬಾ ಎಂದು ಕರೆದಂತಾಯಿತು. ಅನುಭವ ಕೇಳದೆ ರೊಕ್ಕ ಮಾತ್ರ ಕೇಳುವವನು ಬಂದರೆ ಅಲ್ಲಿ ಓದು ಇರುವುದಿಲ್ಲ, ಅಂಗಡಿ ಇರುತ್ತದೆ. ಹೊರದೇಶದ ಸಂಸ್ಥೆಗಳ ಜೊತೆ ಸೇರಿ ಕಂಪನಿಗಳು ಆನ್‌ಲೈನ್‌ನಲ್ಲಿ ಮಾರುವ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಯು.ಜಿ.ಸಿ. ಮತ್ತು ಎ.ಐ.ಸಿ.ಟಿ.ಇ. 2022ರ ಅಕ್ಟೋಬರ್‌ನಲ್ಲಿ ಎಚ್ಚರಿಸಿವೆ. 2023ರ ಡಿಸೆಂಬರ್‌ನಲ್ಲಿ ಯು.ಜಿ.ಸಿ. ಇಂಥ ಪದವಿಗಳ ಬಗ್ಗೆ ಮತ್ತೆ ಎಚ್ಚರಿಸಿತು. ಆ ಕಾಗದ ಹಿಡಿದು ಕಾಲೇಜಿನ ಮೇಷ್ಟ್ರಾಗಲು ಹೋದರೆ ಬಾಗಿಲಲ್ಲೇ ತಿರುಗಿ ಕಳಿಸುತ್ತಾರೆ. ಭೂಮಿ ಹೋಗುತ್ತದೆ, ಡಾ. ಮಾತ್ರ ಲಗ್ನಪತ್ರಿಕೆಯಲ್ಲಿ ಉಳಿಯುತ್ತದೆ.

ಸರಿಯಾದ ದಾರಿಯೂ ಇದೆ, ಇಕ್ಕಟ್ಟಿನದು. ನೆಟ್ ಪರೀಕ್ಷೆಯಲ್ಲಿ ಕಾರ್ಮಿಕ ಕಲ್ಯಾಣ, ಸಿಬ್ಬಂದಿ ನಿರ್ವಹಣೆ, ಮಾನವ ಸಂಪನ್ಮೂಲ ಎಲ್ಲ ಕೂಡಿದ ವಿಷಯವೊಂದಿದೆ, ಸಂಖ್ಯೆ 55. ಎಂ.ಎಸ್.ಡಬ್ಲ್ಯೂ. ಓದಿದ ನಮ್ಮ ಹುಡುಗ ಹುಡುಗಿಯರು ಇದನ್ನು ನೋಡಬೇಕು. ಪರಿಶಿಷ್ಟ ಜಾತಿಯ ಸಂಶೋಧಕರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ. ದೇಶಕ್ಕೆಲ್ಲ ವರ್ಷಕ್ಕೆ 2,000 ಮಂದಿಗೆ, 2023ರ ದರದಂತೆ ಮೊದಲ ಹಂತದಲ್ಲಿ ತಿಂಗಳಿಗೆ 37,000 ರೂಪಾಯಿ. 2022ರ ಯು.ಜಿ.ಸಿ. ನಿಯಮ ನೌಕರಿಯಲ್ಲಿದ್ದವರಿಗೆ ಅರೆಕಾಲಿಕ ಪಿಎಚ್.ಡಿ.ಗೂ ಅವಕಾಶ ಕೊಟ್ಟಿದೆ. ಆದರೆ ಫೆಲೋಶಿಪ್ ಪೂರ್ಣಾವಧಿಯವರಿಗೆ ಮಾತ್ರ. ಅಂದರೆ ಹಗಲು ಹಾಜರಿ ಬರೆದು ರಾತ್ರಿ ಓದುವವನಿಗೆ ಸೀಟು ಉಂಟು, ರೊಕ್ಕ ಇಲ್ಲ. ನೌಕರಿ ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನಮ್ಮ ಹುಡುಗ ಸಿಕ್ಕಿಕೊಂಡಿರುವುದು ಈ ಸಂದಿಯಲ್ಲಿ. ಡಾ. ಮಾರುವ ಅಂಗಡಿಯವನು ಕೈ ಹಾಕಿರುವುದೂ ಈ ಸಂದಿಯಲ್ಲೇ.

ಡಾಕ್ಟರೇಟ್ ಬಂದ ಕೂಡಲೇ ಜಾತಿ ಓಡಿಹೋಗುತ್ತದೆಂದು ಯಾರೂ ನಂಬಬೇಡಿ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾದ ನೌಕರಿಗೆ ಬಂದ ಬಾಬಾಸಾಹೇಬರಿಗೆ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದವರು ಹೊರಗಟ್ಟಿದರು. ತೊಂಬತ್ತೊಂಬತ್ತು ವರ್ಷ ಆದ ಮೇಲೆ, 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದ ರೋಹಿತ್ ವೇಮುಲ ಜೀವ ಬಿಟ್ಟ. ಏಳು ತಿಂಗಳ ಫೆಲೋಶಿಪ್ ಬರಬೇಕಿದೆ ಎಂದು ಕೊನೆಯ ಪತ್ರದಲ್ಲೂ ಲೆಕ್ಕ ಬರೆದಿದ್ದ. ಸಾಯುವವನೂ ತನ್ನ ಪಗಾರದ ಬಾಕಿ ಬರೆದಿಡಬೇಕಾದ ದೇಶ ಇದು. ಆದ್ದರಿಂದ ನಮ್ಮವರು ಒಬ್ಬೊಬ್ಬರೇ ವಿಶ್ವವಿದ್ಯಾಲಯಕ್ಕೆ ಹೋಗಬಾರದು. ಬೆನ್ನ ಹಿಂದೆ ಸಂಘಟನೆ ಇರಬೇಕು. 1928ರಲ್ಲಿ ಬಾಬಾಸಾಹೇಬರು ಶಿಕ್ಷಣ ಸಂಸ್ಥೆ ಕಟ್ಟಿ ಹಾಸ್ಟೆಲುಗಳನ್ನು ತೆರೆದಾಗ ನಮ್ಮ ಧಾರವಾಡಕ್ಕೂ ಒಂದು ಬಂತು. ಹುಡುಗರು ಓದಲಿ ಎಂದು ಹೇಳಿ ಸುಮ್ಮನಾಗದೆ ಉಣ್ಣಲು, ಮಲಗಲು ಜಾಗ ಮಾಡಿದರು. ಆ ಬುದ್ಧಿ ನಮಗೂ ಬರಬೇಕು.

ಹೂವಿನ ಹಿಪ್ಪರಗಿ ಒಂದು ಕಾಲಕ್ಕೆ ವಿಧಾನಸಭಾ ಕ್ಷೇತ್ರದ ಹೆಸರಾಗಿತ್ತು. 2008ರ ಮರುವಿಂಗಡಣೆಯಲ್ಲಿ ಆ ಹೆಸರು ಅಳಿಸಿಹೋಯಿತು. ಅದಕ್ಕಾಗಿ ಮರುಗಿದವರು ಬಹಳ. ನಮ್ಮ ಕೇರಿಯ ಹೆಸರು ಯಾವ ಪಟ್ಟಿಯಲ್ಲೂ ಮೊದಲಿನಿಂದಲೇ ಇರಲಿಲ್ಲ, ಅದಕ್ಕೆ ಯಾರೂ ಮರುಗಲಿಲ್ಲ. ಒಂದು ಸಂಶೋಧನಾ ಪ್ರಬಂಧದ ರಟ್ಟಿನ ಮೇಲಾದರೂ ಆ ಹೆಸರು ಬರಲಿ.

ನಮ್ಮ ಬೇಡಿಕೆ ಇವು. ಗುತ್ತಿಗೆ ನೌಕರಿಯಲ್ಲಿದ್ದು ಅರೆಕಾಲಿಕ ಸಂಶೋಧನೆ ಮಾಡುವ ದಲಿತರಿಗೂ ಫೆಲೋಶಿಪ್ ಕೊಡಬೇಕು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಮತ್ತು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಗಳು ಗುಳೆ ಮತ್ತು ಗುತ್ತಿಗೆ ದುಡಿಮೆಯ ಮೇಲೆ ಸಂಶೋಧನೆಗೆಂದೇ ಸೀಟು ಕಾದಿಡಬೇಕು. ಹೊರಗುತ್ತಿಗೆ ಏಜೆನ್ಸಿಗಳು ಮೀಸಲಾತಿ ಪಾಲಿಸಿದ ಲೆಕ್ಕವನ್ನು ತಾಲ್ಲೂಕು ಕಚೇರಿಯ ಗೋಡೆಗೆ ಹಚ್ಚಬೇಕು.

ಸರ್ಕಾರ ಕೊಡುವವರೆಗೆ ನಾವೇನು ಮಾಡಬೇಕು? ಈ ರಾಶಿ ಮುಗಿದ ಮೇಲೆ ಮನೆಗೊಂದು ಸೇರು ಜೋಳ, ನೌಕರಿ ಇದ್ದವರು ತಿಂಗಳಿಗೆ ಒಂದು ದಿನದ ಪಗಾರ. ಲೆಕ್ಕ ಪ್ರತಿ ಸಂಚಿಕೆಯಲ್ಲೂ ಇಲ್ಲೇ ಅಚ್ಚಾಗುತ್ತದೆ. ಮುಕಾದಮನ ಚೀಟಿಯ ಹಾಗೆ ಯಾರ ಕಿಸೆಯಲ್ಲೂ ಉಳಿಯುವುದಿಲ್ಲ.

ಹುಡುಗನಿಗೊಂದು ಮಾತು. ತಮ್ಮಾ, ಲಾವಣಿ ಪತ್ರಕ್ಕೆ ನಿಮ್ಮಪ್ಪ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ. ಒತ್ತಲು ಬಿಡಬೇಡ. ಆ ಫೋನಿನವನಿಗೆ ಇಲ್ಲ ಅನ್ನು. ಓದುವುದನ್ನು ಬಿಡಬೇಡ. ನಾಳೆ ನೀನು ಕುರ್ಚಿಯಲ್ಲಿ ಕೂತಾಗ ಎದುರಿಗೆ ನಿಂತ ಹುಡುಗಿಯನ್ನು ‘ನಿಮ್ಮಪ್ಪ ಏನ್ ಮಾಡ್ತಾನ?’ ಎಂದು ಕೇಳಿದೆಯೋ, ಅಂದೇ ನಿನ್ನ ಡಾಕ್ಟರೇಟ್ ಸತ್ತಿತೆಂದು ತಿಳಿ. ಕೇಳದೆ ಅವಳ ಕೈಗೆ ಕೆಲಸ ಕೊಟ್ಟರೆ, ಹೋದ ತಿಂಗಳು ನಕ್ಕ ನಾವು ನಿನ್ನ ಮುಂದೆ ತಲೆ ತಗ್ಗಿಸುತ್ತೇವೆ.

ಜೈ ಭೀಮ್.